ಲೆಕ್ಕಕ್ಕುಂಟು, ಆಟಕ್ಕಿಲ್ಲ: ಅನುದಾನ ಮಂಡಳಿಗೆ ಒಬ್ಬ ನಾಲ್ಕಂಕದವಳ ಅಹವಾಲು

ಸಂಶೋಧನಾ ಅನುದಾನ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಹೆಸರನ್ನು ನನಗೆ ವಾಪಸು ಕೊಡಿ. ನಾನು ಕೇಳುತ್ತಿರುವುದು ಮೊದಲಿಗೆ ಇಷ್ಟೇ. ಇನ್ನು ಕೆಲವೇ ವಾರಗಳಲ್ಲಿ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಲಿರುವ ಪ್ರಬಂಧದ ಲೇಖಕರ ಸಾಲಿನಲ್ಲಿ ಮೂರನೆಯದು ನನ್ನ ಹೆಸರು. ಆ ಪ್ರಬಂಧ ತಪ್ಪು. ತಪ್ಪೆಂದು ತಂಡದ ಸಭೆಯಲ್ಲಿ ಹೇಳಿದ್ದೇನೆ, ಬರೆದು ಕೊಟ್ಟಿದ್ದೇನೆ, ಕೊನೆಗೆ ಜಗಳವನ್ನೂ ಆಡಿದ್ದೇನೆ. ಕೇಳದಿದ್ದರೆ ಹೋಗಲಿ, ನನ್ನ ಹೆಸರನ್ನಾದರೂ ತೆಗೆಯಿರಿ ಎಂದರೆ, ತೆಗೆಯಲು ತಮ್ಮ ಮಂಡಳಿಯ ನಿಯಮ ಬಿಡುವುದಿಲ್ಲವಂತೆ. ಕಳ್ಳರ ಗುಂಪಿಗೆ ಸೇರಿದವನಿಗೂ ಬಿಟ್ಟು ಬರುವ ಸ್ವಾತಂತ್ರ್ಯವಿದೆ. ಸಹಲೇಖಕಿಗೆ ಇಲ್ಲವೇ?

ನಾನು ರಸಾಯನಶಾಸ್ತ್ರದವಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅರ್ಧ ಆಯಸ್ಸು ಸವೆಸಿ, ತಡವಾಗಿ ಡಾಕ್ಟರೇಟ್ ಮಾಡಿ, ಈ ಸಂಶೋಧನಾ ಸಂಸ್ಥೆಗೆ ಬಂದವಳು. ಹುಟ್ಟಿದ್ದು ಗಡಿಯಾಚೆ, ಮದುವೆಯಾಗಿ ಈ ಕಡೆಗೆ ಬಂದೆ. ವಯಸ್ಸು ಐವತ್ತು ದಾಟಿದೆ. ಇದನ್ನೆಲ್ಲ ಹೇಳಿ ತಮ್ಮ ಕರುಣೆ ಗಿಟ್ಟಿಸುವ ಆಸೆ ನನಗಿಲ್ಲ. ತಮ್ಮ ಕಚೇರಿಯ ಕೋಷ್ಟಕದಲ್ಲಿ ಇವೇ ನನ್ನ ಅರ್ಹತೆಗಳಾದ್ದರಿಂದ ಹೇಳಿದೆ. ಹೆಂಗಸು, ಒಂದು ಅಂಕ. ಹೊರಗೆ ಹುಟ್ಟಿದವಳು, ಒಂದು ಅಂಕ. ಬೇರೆ ವೃತ್ತಿಯಿಂದ ಬಂದವಳು, ಒಂದು. ವಯಸ್ಸಿನಲ್ಲಿ ಉಳಿದವರಿಗಿಂತ ಬೇರೆ, ಇನ್ನೊಂದು. ಒಂದೇ ದೇಹಕ್ಕೆ ನಾಲ್ಕು ಅಂಕ! ಸಂಸ್ಥೆಯ ಕಾರಿಡಾರಿನಲ್ಲಿ ನನ್ನನ್ನು ‘ನಾಲ್ಕಂಕ’ ಎಂದೇ ಕರೆಯುತ್ತಾರೆ, ನನ್ನೆದುರಿಗೇ, ಪ್ರೀತಿಯಿಂದಲೇ. “ನಾಲ್ಕಂಕ ಇವತ್ತು ಬಂದಿದಾರಾ? ಒಂದು ಸಹಿ ಬೇಕಿತ್ತು” ಎನ್ನುತ್ತಾರೆ. ಸದ್ಯ ಆರು ತಂಡಗಳಲ್ಲಿ ನನ್ನ ಹೆಸರಿದೆ. ಅವುಗಳಲ್ಲಿ ಎರಡು ತಂಡಗಳು ಏನು ಸಂಶೋಧನೆ ಮಾಡುತ್ತಿವೆಯೆಂದು ತಮಗೆ ಗೊತ್ತಿದ್ದರೆ ದಯವಿಟ್ಟು ನನಗೂ ತಿಳಿಸಿ.

ಹಾಗೆಂದು ತಮ್ಮ ಅಧ್ಯಯನವನ್ನು ನಾನು ಹಳಿಯುತ್ತಿಲ್ಲ. ಬೇರೆ ಬೇರೆ ಬಗೆಯ ಜನ ಕೂಡಿದ ತಂಡಗಳ ಪ್ರಬಂಧಗಳು ಒಳ್ಳೆಯ ಪತ್ರಿಕೆಗಳಲ್ಲಿ ಹೆಚ್ಚು ಪ್ರಕಟವಾಗುತ್ತವೆ, ಹೆಚ್ಚು ಜನ ಅವನ್ನು ಉಲ್ಲೇಖಿಸುತ್ತಾರೆ ಎಂದು ತಮ್ಮ ಮಂಡಳಿ ಲೆಕ್ಕ ಹಾಕಿಸಿ ಹೇಳಿತು. ನಾನು ನಂಬುತ್ತೇನೆ. ನಂಬದೆ ಏನು, ಆ ಲೆಕ್ಕದೊಳಗೆ ನಾನೇ ಇದ್ದೆ! ಮೂತ್ರಪಿಂಡದ ತೊಂದರೆಯನ್ನು ಬೇಗ ತೋರಿಸುವ ಬಣ್ಣದ ಪಟ್ಟಿಯನ್ನು ನಮ್ಮ ಹಳೆಯ ತಂಡ ಮಾಡಿದಾಗ ಅಲ್ಲಿ ನಾಲ್ಕು ಜನರಿದ್ದೆವು, ನಾಲ್ಕು ದಿಕ್ಕಿನವರು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಮ್ಮ ಹಿರಿಯರು, ಅಂದರೆ ತಂಡದ ಮುಖ್ಯಸ್ಥರು, ಪಟ್ಟಿ ಅದ್ದಿದ ಮೇಲೆ ಸರಿಯಾಗಿ ಎರಡು ನಿಮಿಷಕ್ಕೆ ಬಣ್ಣ ನೋಡಬೇಕು ಎಂದು ಪಟ್ಟು ಹಿಡಿದಿದ್ದರು. ಆಸ್ಪತ್ರೆಯ ಕೆಲಸ ಬಿಟ್ಟು ಸಂಶೋಧನೆಗೆ ಬಂದಿದ್ದ ದಾದಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಎರಡು ನಿಮಿಷ ಕಾಯೋಕೆ ವಾರ್ಡಲ್ಲಿ ಯಾರಿಗೆ ಪುರುಸೊತ್ತಿದೆ ಸರ್? ಅದ್ದಿ ಇಟ್ಟು ಇನ್ನೊಂದು ಬೆಡ್ಡಿಗೆ ಓಡ್ತೀವಿ. ವಾಪಸ್ ಬರೋದ್ರೊಳಗೆ ನಿಮ್ಮ ಬಣ್ಣ ಏನಾಗಿರತ್ತೆ?” ಹಿರಿಯರ ಮುಖ ಕೆಂಪಾಯಿತು. ಲೆಕ್ಕದವನು, ಅವನು ಸಂಖ್ಯಾಶಾಸ್ತ್ರದ ಹುಡುಗ, ನಿಧಾನವಾಗಿ, “ದಾದಿ ಹೇಳಿದ್ದು ಸರಿ ಇದ್ರೆ ನಮ್ಮ ಅಂಕಿಅಂಶ ಎಲ್ಲಾ ಚರಂಡಿಗೆ” ಎಂದ. ಬಣ್ಣ ಒಮ್ಮೆ ಹಿಡಿದ ಮೇಲೆ ಅಲ್ಲೇ ನಿಲ್ಲುವಂತೆ ಮಾಡುವುದು ನನ್ನ ಪಾಲಿಗೆ ಬಂತು. ಅದು ಕಾರ್ಖಾನೆಯಲ್ಲಿ ನಾನು ದಿನಾ ಮಾಡುತ್ತಿದ್ದ ಕೆಲಸ. ಒಂದು ವರ್ಷ ಕಚ್ಚಾಡಿದೆವು. ದಾದಿ ಎರಡು ಸಲ ತಂಡ ಬಿಟ್ಟಳು, ಎರಡು ಸಲವೂ ಹಿರಿಯರೇ ಹೋಗಿ ಕರೆತಂದರು. ಆ ಪ್ರಬಂಧ ಪ್ರಕಟವಾದಾಗ ಸಂಸ್ಥೆಯ ಮಾನ ಒಂದು ಮೆಟ್ಟಿಲು ಮೇಲೇರಿತು, ತಮ್ಮ ಮಂಡಳಿಯೂ ಹೂಗುಚ್ಛ ಕಳಿಸಿತ್ತು.

ಅಧ್ಯಕ್ಷರೇ, ಆ ತಂಡ ಗೆದ್ದದ್ದು ಯಾಕೆ? ನಾವು ನಾಲ್ವರೂ ನೋಡಲು ಬೇರೆ ಬೇರೆ ಇದ್ದೆವು ಎಂದೇ? ಅಥವಾ ದಾದಿ “ಅಲ್ಲ” ಅಂದಾಗ ಹಿರಿಯರು ಮುಖ ಕೆಂಪು ಮಾಡಿಕೊಂಡಾದರೂ ಕೂತು ಕೇಳಿದರು ಎಂದೇ? ತಮ್ಮ ಮಂಡಳಿ ಈ ಎರಡನೆಯದನ್ನು ಅಳೆಯುವ ಗೋಜಿಗೇ ಹೋಗಲಿಲ್ಲ. ತನ್ನ ಕೋಳಿ ಕೂಗುವುದರಿಂದಲೇ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ತಾವೂ ಚಿಕ್ಕಂದಿನಲ್ಲಿ ಕೇಳಿರಬೇಕು. ಅಜ್ಜಿ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟಳು. ತಾವು ಊರಿಗೆಲ್ಲ ಒಂದೊಂದು ಕೋಳಿ ಹಂಚಿ, ಕೂಗಿತೋ ಇಲ್ಲವೋ ಕೇಳಬೇಕಿಲ್ಲ, ಗೂಡಿನಲ್ಲಿದ್ದರೆ ಸಾಕು ಎಂದು ಸುತ್ತೋಲೆ ಹೊರಡಿಸಿದಿರಿ. ತಂಡಕ್ಕೆ ಇಷ್ಟು ವೈವಿಧ್ಯ ಅಂಕ ಇರಲೇಬೇಕು, ಇಲ್ಲದಿದ್ದರೆ ಅನುದಾನವಿಲ್ಲ, ನಡುವೆ ಅಂಕ ಇಳಿದರೆ ಮುಂದಿನ ಕಂತಿಲ್ಲ. ಸುತ್ತೋಲೆ ಬಂದ ತಿಂಗಳಲ್ಲೇ ನನಗೆ ಬೇಡಿಕೆ ಬಂತು. ಮದುವೆಗೆ ಗಂಡು ಹುಡುಕುವಾಗಲೂ ನನ್ನನ್ನು ಇಷ್ಟು ಜನ ನೋಡಲು ಬಂದಿರಲಿಲ್ಲ.

ಸಂಸ್ಥೆಯ ಬಾಗಿಲಿನಲ್ಲಿ ಈಗ ನಾನೂ ಇರುವ ಒಂದು ದೊಡ್ಡ ಗುಂಪು ಫೋಟೋ ಇದೆ. ತೆಗೆಯುವವನು ನನ್ನನ್ನು ಅಂಚಿನಿಂದ ಎಳೆದು ತಂದು ನಡುವೆ ನಿಲ್ಲಿಸಿ, ಕೈಗೆ ನೀಲಿ ನೀರಿನ ಬಾಟಲಿ ಕೊಟ್ಟ. “ಇದೇನಪ್ಪಾ?” ಎಂದೆ. “ಗೊತ್ತಿಲ್ಲ ಮೇಡಂ, ಫೋಟೋದಲ್ಲಿ ವಿಜ್ಞಾನ ಅಂದ್ರೆ ನೀಲಿ ಇರ್ಬೇಕು” ಎಂದ. ಮನೆಯಲ್ಲಿ ನನ್ನ ಅತ್ತೆಗೆ ಆ ಫೋಟೋ ತೋರಿಸಿ, ನನ್ನ ಆರು ತಂಡಗಳ ವೈಭವವನ್ನೆಲ್ಲ ವಿವರಿಸಿದೆ. ಅತ್ತೆ ನನ್ನ ಗಂಡನ ತಾಯಿ, ಎಂಬತ್ತರ ಹತ್ತಿರ, ನಾಲಿಗೆಗೆ ಇನ್ನೂ ಇಪ್ಪತ್ತು. “ಅಲ್ವೇ, ಅಡುಗೆಗೆ ಉಪ್ಪು ಬೇಕು ಅಂತ ಯಾರೋ ಹೇಳಿದ್ರು ಅಂತ ಇವರು ಉಪ್ಪಿನ ಡಬ್ಬಿ ತಂದು ಹೆಸರು ಬರೆದು ಶೆಲ್ಫಲ್ಲಿ ಇಟ್ಟಿದಾರೆ. ಹಾಕೋದು ಯಾವಾಗ?” ಎಂದರು. ಮಂಡಳಿಯ ಸುತ್ತೋಲೆಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಈಗ ಆ ಪ್ರಬಂಧದ ವಿಷಯಕ್ಕೆ ಬರುತ್ತೇನೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಹೆಚ್ಚಾಗಿದ್ದರೆ ದೊಡ್ಡವರಿಗೆ ಅಷ್ಟಾಗಿ ಬಾಧಿಸದು. ಆ ನೀರಿಗೆ ಬೆರೆಸಿದ ಪುಡಿ ಹಾಲನ್ನು ಬಾಟಲಿಯಲ್ಲಿ ಕುಡಿಯುವ ಎಳೆಗೂಸುಗಳಿಗೆ ಮಾತ್ರ ಅದು ಕುತ್ತು, ರಕ್ತ ಉಸಿರನ್ನು ಹೊರಲಾರದೆ ಮಗು ನೀಲಿಗಟ್ಟುತ್ತದೆ. ಕುದಿಸಿದರೆ ಹೋಗುವಂಥದ್ದಲ್ಲ. ಅದನ್ನು ತಾಯಂದಿರೇ ಮನೆಯಲ್ಲಿ ಪತ್ತೆ ಹಚ್ಚಲಿ ಎಂದು ನಮ್ಮ ತಂಡ ಒಂದು ಅಗ್ಗದ ಪಟ್ಟಿ ಮಾಡಿದೆ. ನೀರಿಗೆ ಅದ್ದಿದಾಗ ಬಿಳಿಯಾಗಿಯೇ ಉಳಿದರೆ ಕ್ಷೇಮ, ಗುಲಾಬಿಗೆ ತಿರುಗಿದರೆ ಅಪಾಯ. ಒಳ್ಳೆಯ ಯೋಚನೆ, ನಾನೂ ಖುಷಿಯಿಂದಲೇ ಸೇರಿದೆ. ತಂಡದ ಮುಖ್ಯಸ್ಥರನ್ನು ಎಲ್ಲರೂ ‘ದೊಡ್ಡಣ್ಣ’ ಎನ್ನುತ್ತಾರೆ, ಏಕೆಂದರೆ ಸಂಶೋಧಕರಲ್ಲಿ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಒಬ್ಬರೇ ಗುರುಗಳ ಶಿಷ್ಯರು. ಅವರ ಗುರುಗಳು ಹಾಕಿಕೊಟ್ಟ ಒಂದು ಪದ್ಧತಿಯಿದೆ. ಪ್ರತಿ ಪಟ್ಟಿಯನ್ನೂ ಇಬ್ಬರು ನೋಡಬೇಕು. ಇಬ್ಬರೂ ಒಪ್ಪಿದರೆ ಅದೇ ಸತ್ಯ. ಒಪ್ಪದಿದ್ದರೆ ಮಾತ್ರ ಮೂರನೆಯವರ ಓದು. ಕೇಳಲು ಎಷ್ಟು ನಿಷ್ಪಕ್ಷಪಾತವಾಗಿದೆ, ಅಲ್ಲವೇ? ಆದರೆ ಮೊದಲನೆಯವರು ನೋಡಿ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಎರಡನೆಯವರು ಅದನ್ನು ಕೇಳಿಸಿಕೊಂಡು, ಆಮೇಲೆ ನೋಡುತ್ತಾರೆ. ದೊಡ್ಡಣ್ಣ “ಬಿಳಿ” ಎನ್ನುತ್ತಾರೆ. ಪಕ್ಕದಲ್ಲಿ ಕೂತ ಪುಟ್ಟಿ “ಬಿಳಿ ಸರ್” ಎನ್ನುತ್ತಾಳೆ.

ಪುಟ್ಟಿ ನಮ್ಮ ಪ್ರಯೋಗಾಲಯದ ತಂತ್ರಜ್ಞೆ, ತಾತ್ಕಾಲಿಕ ನೌಕರಿ, ಈ ಯೋಜನೆ ಇರುವವರೆಗೆ ಮಾತ್ರ. ಮನೆಯಲ್ಲಿ ಹಸುಗೂಸಿದೆ. “ಯಾಕೇ, ನಿನಗೆ ಯಾವತ್ತೂ ಬೇರೆ ಕಾಣಿಸಲೇ ಇಲ್ವಾ?” ಎಂದು ಒಮ್ಮೆ ಕೇಳಿದೆ. “ಸರ್ ಬಾಯಿಬಿಟ್ಟು ಹೇಳಿದ್ಮೇಲೆ ನಾನು ಬೇರೆ ಹೇಳೋದುಂಟಾ ಅಕ್ಕಾ? ಒಂದ್ಸಲ ಗುಲಾಬಿ ಅಂದಿದ್ದೆ. ಎಲ್ಲಾರೂ ತಿರುಗಿ ನೋಡಿದ್ರು. ಆಮೇಲೆ ನಂಗೂ ಬಿಳೀನೇ ಕಾಣ್ಸಕ್ಕೆ ಶುರುವಾಯ್ತು” ಎಂದು ನಕ್ಕಳು. ಪ್ರಬಂಧದಲ್ಲಿ ಇದನ್ನು ‘ಇಬ್ಬರು ಸ್ವತಂತ್ರ ವೀಕ್ಷಕರ ನಡುವೆ ಅತ್ಯುನ್ನತ ಸಹಮತ’ ಎಂದು ಬಣ್ಣಿಸಲಾಗಿದೆ. ಪತ್ರಿಕೆಯ ವಿಮರ್ಶಕರು ಆ ಸಹಮತವನ್ನು ವಿಶೇಷವಾಗಿ ಹೊಗಳಿದ್ದಾರೆ.

ಇನ್ನೂ ದೊಡ್ಡ ಎಡವಟ್ಟು ದೀಪದ್ದು. ನೀರನ್ನು ಮನೆಮನೆಯಿಂದ ತಂದರು, ಪಟ್ಟಿ ನೋಡಿದ್ದು ಮಾತ್ರ ಪ್ರಯೋಗಾಲಯದ ಒಂದೇ ಮೇಜಿನಲ್ಲಿ, ಹಾಲಿನಂಥ ಬಿಳಿ ಬೆಳಕಿನ ಕೆಳಗೆ. ಬಣ್ಣದ ಕಾರ್ಖಾನೆಯಲ್ಲಿ ದುಡಿದವರನ್ನು ಬಿಡಿ, ಬಟ್ಟೆ ಕೊಳ್ಳಲು ಹೋದ ಯಾರಾದರೂ ಅಂಗಡಿಯ ದೀಪ ನಂಬದೆ ಬಾಗಿಲ ಬೆಳಕಿಗೆ ಒಯ್ದು ನೋಡುವುದಿಲ್ಲವೇ? ನನಗೆ ಸಂಶಯ ಬಂದು, ಅದೇ ನೀರು, ಅದೇ ಪಟ್ಟಿಗಳನ್ನು ನಮ್ಮ ಮನೆಗೆ ತಂದೆ. ನಮ್ಮ ಅಡುಗೆಮನೆಯಲ್ಲಿ ಹಳದಿ ಬಲ್ಬು. ಅತ್ತೆಗೆ ಕೊಟ್ಟೆ. “ಬಿಳಿ ಇದೆ ಕಣೇ. ಬಿಳಿ ಅಂದ್ರೆ, ಬೆಣ್ಣೆ ಬಿಳಿ” ಎಂದರು. ಅದೇ ನೀರಿಗೆ ಇನ್ನೊಂದು ಪಟ್ಟಿ ಅದ್ದಿ, ಅಷ್ಟೇ ಹೊತ್ತು ಬಿಟ್ಟು, ಬಾಲ್ಕನಿಯ ಹಗಲು ಬೆಳಕಿನಲ್ಲಿ ತೋರಿಸಿದೆ. “ಅಯ್ಯೋ ಶಿವನೇ, ಇದು ಗುಲಾಬಿ!” ಎಂದರು. ನನ್ನ ಗಂಡ, ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ಬಂದು ನೋಡಿ ಅದನ್ನೇ ಹೇಳಿದರು. ಆಮೇಲೆ ನಾನು ನೀರು ಕೊಟ್ಟ ಮನೆಗಳಿಗೇ ಹೋಗಿ, ಅವರವರ ಅಡುಗೆಮನೆಯಲ್ಲಿ, ಅವರವರ ದೀಪದಲ್ಲಿ ನೋಡಿದೆ. ಅಪಾಯದ ಗಡಿಯಲ್ಲಿರುವ ನೀರು, ಅಂದರೆ ಯಾವುದನ್ನು ಹಿಡಿಯಲೆಂದೇ ಈ ಪಟ್ಟಿ ಹುಟ್ಟಿತೋ ಅದೇ ನೀರು, ಹಳದಿ ದೀಪದ ಕೆಳಗೆ ಬಹುಪಾಲು ಬಿಳಿಯಾಗಿಯೇ ಕಂಡಿತು.

ಸಭೆಯಲ್ಲಿ ಇದನ್ನಿಟ್ಟೆ. ದೊಡ್ಡಣ್ಣ ಕೆಟ್ಟ ಮನುಷ್ಯನಲ್ಲ, ಅದೇ ನನ್ನ ಕಷ್ಟ. ನಯವಾಗಿ ಕೇಳಿಸಿಕೊಂಡರು. “ನಿಮ್ಮ ದೃಷ್ಟಿಕೋನ ನಮ್ಮ ತಂಡದ ಆಸ್ತಿ ಮೇಡಂ. ಆದ್ರೆ ನಮ್ಮ ಪದ್ಧತೀಲಿ ಇಬ್ಬರು ಒಪ್ಪಿದ ಮೇಲೆ ಮೂರನೇ ಓದಿಗೆ ಜಾಗ ಇಲ್ಲ” ಎಂದರು. “ಹಾಗಾದ್ರೆ ನಾನ್ಯಾಕೆ ಇದೀನಿ?” ಎಂದೆ. ನನ್ನ ಓದುಗಳನ್ನು ‘ತರಬೇತಿಯ ವ್ಯತ್ಯಾಸದಿಂದಾದ ವಿಚಲನ’ ಎಂದು ಕರೆದು ಕೈಬಿಟ್ಟರು. ತರಬೇತಿಯ ವ್ಯತ್ಯಾಸ! ಅದಕ್ಕೇ ಅಲ್ಲವೇ ತಾವು ನನಗೆ ಒಂದು ಅಂಕ ಕೊಟ್ಟಿದ್ದು? ಮಕ್ಕಳಾಟದಲ್ಲಿ ತೀರಾ ಚಿಕ್ಕವರನ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎನ್ನುತ್ತೇವೆ. ನನ್ನದು ತಿರುಗುಮುರುಗು. ಲೆಕ್ಕಕ್ಕೆ ಮಾತ್ರ ಉಂಟು.

ಹೆಸರು ತೆಗೆಯಿರಿ ಎಂದಾಗ ದೊಡ್ಡಣ್ಣ ಅದು ತಂಡ ಬಿಟ್ಟ ಹಾಗೇ ಎನ್ನುತ್ತಾ ಮಂಡಳಿಯ ನಿಯಮಾವಳಿಯ ಪುಟ ತೆರೆದು ತೋರಿಸಿದರು: ‘ವೈವಿಧ್ಯ ಸದಸ್ಯರು ಯೋಜನಾವಧಿಯಲ್ಲಿ ನಿರ್ಗಮಿಸತಕ್ಕದ್ದಲ್ಲ, ನಿರ್ಗಮಿಸಿದಲ್ಲಿ ಸಮಾನ ಅಥವಾ ಅಧಿಕ ಅಂಕದ ಸದಸ್ಯರನ್ನು ಬದಲಿಯಾಗಿ ಒದಗಿಸತಕ್ಕದ್ದು.’ ಎಲ್ಲಿಂದ ಒದಗಿಸಲಿ, ಸ್ವಾಮಿ? ಗಡಿಯಾಚೆ ಹುಟ್ಟಿದ, ಐವತ್ತು ದಾಟಿದ, ಬೇರೆ ವೃತ್ತಿಯ ಇನ್ನೊಬ್ಬ ಹೆಂಗಸು ಬೇಕೆಂದರೆ ನನ್ನ ತಂಗಿಯೊಬ್ಬಳಿದ್ದಾಳೆ, ಹಲ್ಲಿನ ಡಾಕ್ಟರು, ಕಳಿಸಲೇ? ತಮ್ಮ ಕೋಷ್ಟಕದಲ್ಲಿ ಅವಳೂ ಸರಿಯಾಗಿ ನಾಲ್ಕಂಕ. ನೀರಿನ ಪಟ್ಟಿಯ ಗಂಧಗಾಳಿ ಇಲ್ಲ, ಹಾಗಾಗಿ ಜಗಳವೂ ಆಡುವುದಿಲ್ಲ.

ತಮ್ಮ ಕಚೇರಿಗೆ ಬರೆದೆ. ಬಹಳ ದಿನ ಕಾದೆ. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಮೊಹರು ಹಾಕಿದ ಲಕೋಟೆ ಬಂತು. ಒಡೆದು ನೋಡಿದರೆ ನನ್ನದೇ ದೂರು! ‘ಸೂಕ್ತ ಕ್ರಮಕ್ಕಾಗಿ ದೂರು ಪರಿಶೀಲನಾ ಸಮಿತಿಯ ಸದಸ್ಯರಿಗೆ ರವಾನಿಸಲಾಗಿದೆ’ ಎಂಬ ಷರಾ. ಆ ಸಮಿತಿಗೂ ವೈವಿಧ್ಯ ಬೇಕೆಂದು ಕಳೆದ ವರ್ಷ ನನ್ನನ್ನೇ ಸದಸ್ಯೆಯನ್ನಾಗಿ ಮಾಡಿದ್ದು ನನಗೆ ಮರೆತೇ ಹೋಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದರೆ, “ದೂರು ಕೊಟ್ಟವರೇ ವಿಚಾರಣೆಗೆ ಕೂರೋ ಹಾಗಿಲ್ಲ ಮೇಡಂ, ನೀವು ಹೊರಗಿರ್ಬೇಕು” ಎಂದರು. ಸರಿ, ಹೊರಗಿರುತ್ತೇನೆ ಎಂದೆ. “ಆದ್ರೆ ನೀವು ಹೊರಗಿದ್ರೆ ಸಮಿತಿಗೆ ಅಂಕ ಸಾಲಲ್ಲ, ಸಭೇನೇ ಸೇರೋ ಹಾಗಿಲ್ಲ” ಎಂದರು. ಹಾಗಾದರೆ ನನ್ನ ದೂರಿನ ಗತಿ? “ಅದು ನಿಮ್ಮ ಹತ್ರಾನೇ ಇರ್ಲಿ ಮೇಡಂ, ಭದ್ರವಾಗಿರತ್ತೆ.” ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ಇಲ್ಲಿ ದರಿಯೂ ನಾನೇ, ಪುಲಿಯೂ ನಾನೇ, ನಡುವೆ ನಿಂತವಳೂ ನಾನೇ. ಆದ್ದರಿಂದ ಇದನ್ನು ದಿನಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ಇಷ್ಟೇ ಆಗಿದ್ದರೆ ನಿಯಮ ಮುರಿದು, ಬಾಗಿಲು ದಢಾರೆಂದು ಹಾಕಿ ಬಂದುಬಿಡುತ್ತಿದ್ದೆ. ನನಗೇನು, ಗಂಡನ ಸಂಬಳವಿದೆ, ಅತ್ತೆಯ ಬೈಗುಳವಿದೆ, ಬದುಕುತ್ತೇನೆ. ಆದರೆ ನಾನು ಹೊರಬಿದ್ದರೆ ಅಂಕ ಇಳಿಯುತ್ತದೆ, ಅಂಕ ಇಳಿದರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಮೊದಲು ಮನೆಗೆ ಹೋಗುವವಳು ಪುಟ್ಟಿ. ದೊಡ್ಡಣ್ಣ ಇದನ್ನು ಬೆದರಿಕೆಯಾಗಿ ಹೇಳಲಿಲ್ಲ, ದುಃಖದಿಂದಲೇ ಹೇಳಿದರು. ನಾನು ಉಳಿದರೆ ಪ್ರಬಂಧ ಅಚ್ಚಾಗುತ್ತದೆ. ಅದು ಅಚ್ಚಾದ ಮೇಲೆ ಆರೋಗ್ಯ ಇಲಾಖೆ ಪಟ್ಟಿಗಳನ್ನು ಬಾಣಂತಿಯರಿಗೆ ಹಂಚುತ್ತದೆ, ಮಾತುಕತೆ ಆಗಲೇ ಮುಗಿದಿದೆ. ಪಟ್ಟಿಯ ಕಟ್ಟಿನ ಮೇಲೆ ‘ಮನೆಯ ಯಾವುದೇ ಬೆಳಕಿನಲ್ಲಿ ನೋಡಬಹುದು’ ಎಂದು ಅಚ್ಚು ಹಾಕಿಸುವ ಮಾದರಿಯನ್ನು ನಾನೇ ಕಂಡಿದ್ದೇನೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ ಅಧ್ಯಕ್ಷರೇ, ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಹೋದ ವಾರ ಪುಟ್ಟಿ ಪಾತ್ರೆ ತೊಳೆಯುವ ಸಿಂಕಿನ ಬಳಿ ನನ್ನನ್ನು ನಿಲ್ಲಿಸಿದಳು. ಅವಳಿಗೆ ಎದೆಹಾಲು ಸಾಲದೆ ಕೂಸಿಗೆ ಬಾಟಲಿ ಹಾಲು.

“ಅಕ್ಕಾ, ನಮ್ಮನೆ ನೀರು ನೋಡಿದೆ. ನಮ್ಮ ಅಡುಗೆಮನೇದೂ ಹಳದಿ ದೀಪಾನೇ. ಬಿಳಿ ಬಂತು. ಆಮೇಲೆ ನಿಮ್ಮ ಮಾತು ನೆನಪಾಗಿ ಇನ್ನೊಂದು ಪಟ್ಟಿ ಹೊರಗೆ ಮೆಟ್ಟಲ ಹತ್ರ ಹಿಡಿದು ನೋಡ್ದೆ.”

“ಏನು ಬಂತು?”

ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ನನ್ನ ಕೈಗಿಟ್ಟಳು. ಪ್ರಯೋಗಾಲಯದಲ್ಲಿ ನೈಟ್ರೇಟ್ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದೆ. ಯಂತ್ರಕ್ಕೆ ದೀಪದ ಹಂಗಿಲ್ಲ. ಇರಬೇಕಾದ ಮಿತಿಗಿಂತ ಮೇಲಿತ್ತು.

ಕೂಸು ಸದ್ಯಕ್ಕೆ ಚೆನ್ನಾಗಿದೆ. ಪುಟ್ಟಿ ಈಗ ದಿನಾ ಸಂಜೆ ಸಂಸ್ಥೆಯ ಶುದ್ಧ ನೀರಿನ ನಲ್ಲಿಯಿಂದ ಕ್ಯಾನ್ ತುಂಬಿಸಿಕೊಂಡು ಬಸ್ಸಿನಲ್ಲಿ ಹೊತ್ತೊಯ್ಯುತ್ತಾಳೆ. ಕಾವಲುಗಾರ ನೋಡಿಯೂ ನೋಡದವನಂತಿರುತ್ತಾನೆ. “ಕೆಲಸ ಹೋದ್ರೆ ಈ ನೀರೂ ಹೋಗತ್ತೆ ಅಕ್ಕಾ” ಎಂದಳು. ನಾನು ಬಾಯಿ ಬಿಟ್ಟರೆ ಅವಳ ಮಗುವಿಗೆ ನೀರಿಲ್ಲ, ಬಿಡದಿದ್ದರೆ ಅವಳ ಬೀದಿಯ ಉಳಿದ ಮಕ್ಕಳಿಗೆ ಆ ಬೀದಿಯ ನಲ್ಲಿಯ ಕೆಟ್ಟ ನೀರೇ ಗತಿ. ಅಕ್ಕಪಕ್ಕದ ಎರಡು ಮನೆಗೆ ಅವಳೇ ಹೇಳಿದ್ದಾಳೆ. ಆಮೇಲಿನ ಬೀದಿಗಳಿಗೆ, ಊರುಗಳಿಗೆ ಯಾರು ಹೋಗಿ ಹೇಳುತ್ತಾರೆ? ತಮ್ಮ ಮುದ್ರೆಯಿರುವ ಪಟ್ಟಿ ಬಿಳಿ ಎಂದ ಮೇಲೆ ಯಾವ ತಾಯಿ ಮೆಟ್ಟಿಲಿಗೆ ಬಂದು ನೋಡುತ್ತಾಳೆ?

ತಮ್ಮಿಂದ ನನಗೆ ಬೇಕಾದದ್ದು ಹೆಚ್ಚೇನಲ್ಲ. ಪ್ರಬಂಧ ಅಚ್ಚಿಗೆ ಹೋಗುವ ಮೊದಲು ನನ್ನ ಮೂರನೆಯ ಓದನ್ನು ಅದರೊಳಗೆ ಸೇರಿಸಿ ಎಂದು ಒಂದು ಸಾಲು ಬರೆಯಿರಿ. ವಿಚಲನ ಎಂದೇ ಕರೆಯಲಿ, ಅಡ್ಡಿಯಿಲ್ಲ, ಇರಲಿ. ಅದು ಆಗದಿದ್ದರೆ ನನ್ನ ನಾಲ್ಕು ಅಂಕವನ್ನು ಆ ತಂಡಕ್ಕೇ ದಾನ ಮಾಡಿ, ಕಂತು ನಿಲ್ಲಿಸದೆ, ನನ್ನನ್ನು ಬಿಟ್ಟುಬಿಡಿ. ಮುಂದಿನ ಸುತ್ತೋಲೆಯಲ್ಲಿ ತಂಡದಲ್ಲಿ ಯಾರ್ಯಾರಿದ್ದರು ಎಂದು ಕೇಳುವ ಜೊತೆಗೆ, ಯಾರು ಯಾವಾಗ “ಅಲ್ಲ” ಎಂದರು, ಆಮೇಲೆ ಏನಾಯಿತು ಎಂದೂ ಕೇಳಿ. ನನ್ನ ಹಳೆಯ ತಂಡವನ್ನು ಹಾಗೆ ಕೇಳಿದ್ದರೆ ದಾದಿ ಒಬ್ಬಳೇ ಹತ್ತು ಪುಟ ತುಂಬಿಸುತ್ತಿದ್ದಳು.

ಈ ಪತ್ರ ಬರೆಯಲೇ, ಬೇಡವೇ ಎಂದು ಪುಟ್ಟಿಯನ್ನೇ ಕೇಳಿದೆ. ಕ್ಯಾನಿನ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿದಳು. “ಬರೀರಿ ಅಕ್ಕಾ. ಸರ್ ‘ಬಿಳಿ’ ಅಂದಾಗೆಲ್ಲಾ ‘ಬಿಳಿ ಸರ್’ ಅಂದವಳು ನಾನೇ. ಅದನ್ನೂ ಬರೀರಿ” ಎಂದಳು. ಬರೆದಿದ್ದೇನೆ. ಈಗ ಅವಳ ನೌಕರಿ ತಮ್ಮ ಕೈಯಲ್ಲಿದೆ, ಅವಳ ಮಗುವಿನ ಕ್ಯಾನೂ ತಮ್ಮ ಕೈಯಲ್ಲೇ ಇದೆ.

ಅವಳ ಮನೆಯ ನಲ್ಲಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿ, ಎರಡು ಪಟ್ಟಿಗಳ ಸಮೇತ ತಮ್ಮ ಕಚೇರಿಯ ಬಾಗಿಲಲ್ಲಿ ಕೊಟ್ಟು ಬಂದಿದ್ದೇನೆ. ಒಂದನ್ನು ತಮ್ಮ ಮನೆಯ ಅಡುಗೆಮನೆಯಲ್ಲಿ ನೋಡಿ. ಇನ್ನೊಂದನ್ನು ಹೊರಗೆ, ಮೆಟ್ಟಿಲ ಮೇಲೆ ನಿಂತು ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಾವು ಮೊದಲು ಬಾಯಿಬಿಡಬೇಡಿ, ಅವರಿಗೆ ಏನು ಕಾಣಿಸುತ್ತದೆ ಎಂದು ಕೇಳಿ.

ಇಂತಿ,
ಸಂಸ್ಥೆಯ ಗೋಡೆಯ ಮೇಲೆ ನೀಲಿ ಬಾಟಲಿ ಹಿಡಿದು ನಿಂತಿರುವ,
ಇಳಿದು ಬರಲು ದಾರಿ ಕಾಣದ,
ನಾಲ್ಕಂಕ

ಪ್ರತಿ: ದೂರು ಪರಿಶೀಲನಾ ಸಮಿತಿಗೆ, ಅಂದರೆ ನನಗೇ.